ಬೀಗರಿಗೆ ಊರು ತೋರಿಸೋಕೆ ಹೋಗಿ ವರಪೂಜೆಗೆ ವರನೇ ಇರಲಿಲ್ಲ: ಹಾಸನದ ಮದುವೆಯಲ್ಲಿ ನಾನು ಕಲಿತಿದ್ದು



ಇವತ್ತಿನ ವಿಷಯ ಮದುವೆ. ಗಾಬರಿ ಬೇಡ, ನಿಮ್ಮದಲ್ಲ. ನಿಮ್ಮ ಅಕ್ಕಂದೋ, ಅಣ್ಣಂದೋ, ಕಸಿನ್‌ದೋ ಮದುವೆ. ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚ್ತಾರೆ ಅಲ್ವಾ? ಚಿಕ್ಕಪ್ಪನಿಗೆ ಅಡುಗೆಯವರು, ಮಾವನಿಗೆ ಛತ್ರ, ಅತ್ತೆಗೆ ತಾಂಬೂಲದ ಚೀಲ. ಕೊನೆಗೆ ಮನೆಯಲ್ಲಿ ಫೋನ್ ಹಿಡ್ಕೊಂಡು ಕೂತಿರೋ ಹುಡುಗ ಅಥವಾ ಹುಡುಗಿ ಕಡೆ ತಿರುಗಿ ಒಂದು ಮಾತು ಹೇಳ್ತಾರೆ: "ಬೀಗರು ದೂರದಿಂದ ಬರ್ತಾರೆ. ಅವರಿಗೆ ಸ್ವಲ್ಪ ನಮ್ಮೂರು ಸುತ್ತಿಸಿ ಬಾ."

ಎರಡು ವರ್ಷದ ಹಿಂದೆ ಆ ಮಾತು ನನ್ನ ಕಡೆ ಬಂತು. ನಮ್ಮೂರು ಹಾಸನ. ಅಕ್ಕ ಪುಣೆಯಲ್ಲಿ ಕೆಲಸ ಮಾಡ್ತಿದ್ಲು, ಭಾವ ಅಲ್ಲಿಯವರೇ, ಮರಾಠಿ ಕುಟುಂಬ. ಮದುವೆ ನಮ್ಮೂರಲ್ಲೇ ಆಗ್ಬೇಕು ಅಂತ ಅಪ್ಪ ಹಟ ಹಿಡಿದ್ರು. ಮೇ ತಿಂಗಳು. ಪುಣೆಯಿಂದ 23 ಜನ. ಅದರಲ್ಲಿ ಭಾವನ ಅಜ್ಜಿಯೂ ಇದ್ರು, ವಯಸ್ಸು ಎಪ್ಪತ್ತು ದಾಟಿದೆ. ಮರಾಠಿಯಲ್ಲಿ ಅಜ್ಜಿಗೆ ಆಜಿ ಅಂತಾರೆ. ನಾನೂ ಇಲ್ಲಿ ಅವರನ್ನ ಆಜಿ ಅಂತಲೇ ಕರೀತೀನಿ. ನಮ್ಮ ಮನೆಯಲ್ಲೂ ಒಬ್ಬರು ಅಜ್ಜಿ ಇದ್ದಾರೆ, ಕತೆ ಮುಂದೆ ಹೋದಾಗ ಗೊಂದಲ ಆಗ್ಬಾರದು.

ನಾನು ಏನ್ ಮಾಡಿದೆ ಅಂದ್ರೆ, ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಹಾಸನಕ್ಕೆ ಬಂದವರು ಏನು ನೋಡ್ಬೇಕು? ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಸ್ಕೂಲ್ ಟ್ರಿಪ್‌ನಲ್ಲಿ ನಾವೆಲ್ಲ ನೋಡಿದ್ದು ಹೀಗೇ, ಮೂರೂ ಒಂದೇ ದಿನ. ಟೂರ್ ಬಸ್ಸಿನವರು ಮಾಡೋದೂ ಹಾಗೇ. ಶನಿವಾರ ಸಂಜೆ ಆರೂವರೆಗೆ ವರಪೂಜೆ. ಬೆಳಗ್ಗೆ 7ಕ್ಕೆ ಹೊರಟ್ರೆ 8ಕ್ಕೆ ಬೇಲೂರು, ಹತ್ತೂವರೆಗೆ ಹಳೇಬೀಡು, ಮಧ್ಯಾಹ್ನ ಎರಡೂವರೆಗೆ ಶ್ರವಣಬೆಳಗೊಳ, ಸಂಜೆ ಐದೂವರೆಗೆ ಛತ್ರ. ಶೀಟ್‌ನಲ್ಲಿ ಎಲ್ಲ ಹಸಿರು ಬಣ್ಣ. ನೋಡಿ ನನಗೇ ಹೆಮ್ಮೆ ಆಯ್ತು.

ಈಗ ದೂರ ಕೇಳಿ. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್, ಪಶ್ಚಿಮಕ್ಕೆ. ಬೇಲೂರಿಂದ ಹಳೇಬೀಡು 16. ಹಳೇಬೀಡಿಂದ ಹಾಸನಕ್ಕೆ ವಾಪಸ್ 30ರ ಆಸುಪಾಸು. ಶ್ರವಣಬೆಳಗೊಳ ಹಾಸನದಿಂದ ಸುಮಾರು 50 ಕಿಲೋಮೀಟರ್, ಆದ್ರೆ ಅದು ಪೂರ್ವಕ್ಕೆ, ಪೂರ್ತಿ ಎದುರು ದಿಕ್ಕು. ಅಂದ್ರೆ ಈ ಮೂರನ್ನ ಒಂದೇ ದಿನ ನೋಡೋದು ಅಂದ್ರೆ ಊರಿನ ಈ ತುದಿಯಿಂದ ಆ ತುದಿಗೆ 180 ಕಿಲೋಮೀಟರ್‌ಗೂ ಜಾಸ್ತಿ ಓಡೋದು. ಮ್ಯಾಪ್‌ನಲ್ಲಿ ನೋಡಿದ್ರೆ ಎಲ್ಲ ಪಕ್ಕಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತೆ. ಹತ್ತನೇ ಕ್ಲಾಸ್ ಮಕ್ಕಳು ಬಸ್ಸಲ್ಲಿ ಅಂತ್ಯಾಕ್ಷರಿ ಹಾಡ್ಕೊಂಡು ಹೋಗಿಬಿಡ್ತಾರೆ. ಮದುವೆಗೆ ಬಂದವರು ಹತ್ತನೇ ಕ್ಲಾಸ್ ಮಕ್ಕಳಲ್ಲ.

ಆ ದಿನ ಏನಾಯ್ತು ಹೇಳ್ತೀನಿ.

7 ಗಂಟೆ ಅಂದಿದ್ದು ಹೊರಡುವಾಗ ಎಂಟೂ ಮುಕ್ಕಾಲು. 23 ಜನ ಸ್ನಾನ ಮಾಡ್ಬೇಕು, ಇಡ್ಲಿ ತಿನ್ಬೇಕು, ಯಾರದ್ದೋ ಚಾರ್ಜರ್ ಸಿಕ್ತಿಲ್ಲ. ಬೇಲೂರು ಮುಟ್ಟಿದಾಗ ಹತ್ತು ಗಂಟೆ. ಅಲ್ಲಿ ಎಲ್ಲರೂ ಖುಷಿಯಾಗೇ ಇದ್ರು. ಚೆನ್ನಕೇಶವ ದೇವಸ್ಥಾನ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಕಂಬದ ಮೇಲ್ಗಡೆ ಮದನಿಕೆಯರು, ಒಟ್ಟು 42. ಕನ್ನಡಿ ಹಿಡಿದ ದರ್ಪಣ ಸುಂದರಿ ಎದುರು ಭಾವನ ತಂಗಿ ಅದೇ ಪೋಸಲ್ಲಿ ಮೂವತ್ತು ಫೋಟೋ ತೆಗೆಸ್ಕೊಂಡ್ಲು. ನಾನು ಮಾತ್ರ ಫೋನಲ್ಲಿ ಟೈಮ್ ನೋಡ್ತಾ "ಚಲೋ ಚಲೋ" ಅಂತ ಕೂಗ್ತಾ ಇದ್ದೆ. ಇವತ್ತಿಗೂ ಆ ಮನೆಯಲ್ಲಿ ನನ್ನ ಹೆಸರು "ಚಲೋ ಚಲೋ".

ಹಳೇಬೀಡಿಗೆ ಹೋದಾಗ ಹನ್ನೆರಡೂ ಕಾಲು. ಮೇ ತಿಂಗಳ ಮಧ್ಯಾಹ್ನ. ಚಪ್ಪಲಿ ಹೊರಗೆ ಬಿಡ್ಬೇಕು. ದೇವಸ್ಥಾನ ಒಂದು ಎತ್ತರದ ಕಲ್ಲಿನ ಜಗತಿ ಮೇಲೆ ನಿಂತಿದೆ. ಶಿಲ್ಪ ನೋಡ್ಬೇಕು ಅಂದ್ರೆ ಆ ಜಗತಿ ಮೇಲೆ ಬರಿಗಾಲಲ್ಲಿ ಪೂರ್ತಿ ಒಂದು ಸುತ್ತು ಹಾಕ್ಬೇಕು. ಕಲ್ಲು ಕಾವಲಿ ಥರ ಕಾದಿತ್ತು. ಯುವಕರು ಕುಣೀತಾ ಕುಣೀತಾ ನೆರಳಿಗೆ ಓಡಿದ್ರು. ಆಜಿ ಓಡೋಕಾಗಲ್ಲ ಅಲ್ವಾ? ನಡೆದ್ರು. ಅರ್ಧ ಸುತ್ತು ಬಂದು ಆನೆಗಳ ಸಾಲಿನ ಪಕ್ಕ ಗೋಡೆ ಹಿಡ್ಕೊಂಡು ಹಾಗೇ ಕೂತುಬಿಟ್ರು. ಕಣ್ಣು ಕತ್ತಲೆ ಬಂದಿತ್ತು.

ಆಮೇಲೆ ಗೊತ್ತಾಗಿದ್ದು ಏನು ಅಂದ್ರೆ, ಆಜಿ ಬೆಳಗ್ಗಿಂದ ನೀರೇ ಕುಡಿದಿರಲಿಲ್ಲ. ಬಾಟಲ್ ಇರಲಿಲ್ಲ ಅಂತಲ್ಲ, ಗಾಡಿಯಲ್ಲಿ ಎರಡು ಕ್ರೇಟ್ ಬಾಟಲ್ ಇತ್ತು. ದಾರಿಯಲ್ಲಿ ಟಾಯ್ಲೆಟ್ ಎಲ್ಲಿ ಸಿಗುತ್ತೋ ಗೊತ್ತಿಲ್ಲ, ಹೊಸ ಬೀಗರ ಮುಂದೆ ಗಾಡಿ ನಿಲ್ಸಿ ಅಂತ ಕೇಳೋದು ಹೇಗೆ ಅಂತ ಕುಡಿದಿರಲಿಲ್ಲ. ನನ್ನ ಶೀಟ್‌ನಲ್ಲಿ ಊಟಕ್ಕೆ ಕಾಲಂ ಇತ್ತು, ಫೋಟೋಗೆ ಕಾಲಂ ಇತ್ತು, ಟಾಯ್ಲೆಟ್‌ಗೆ ಇರಲಿಲ್ಲ.

ನಾನು ಒಂದು ಗಾಡಿಯಲ್ಲಿ ಆಜಿಯನ್ನ, ಭಾವನ ಅಪ್ಪ ಅಮ್ಮನನ್ನ ಕರ್ಕೊಂಡು ಹಾಸನದ ಆಸ್ಪತ್ರೆಗೆ ಹೊರಟೆ. ಇನ್ನೊಂದು ಗಾಡಿಯವರು "ನಾವೂ ಬರ್ತೀವಿ" ಅಂದ್ರು. ಆಗ ನಾನು ಜೀವಮಾನದ ಬುದ್ಧಿವಂತಿಕೆಯ ಮಾತು ಹೇಳಿದೆ: "ಪರವಾಗಿಲ್ಲ, ನೀವು ಪ್ಲಾನ್ ಪ್ರಕಾರ ಹೋಗಿ, ಬಾಹುಬಲಿ ಮಿಸ್ ಮಾಡ್ಕೋಬೇಡಿ." ಆ ಗಾಡಿಯಲ್ಲಿ ಭಾವ ಇದ್ರು. ಅಂದ್ರೆ ಮದುವೆ ಗಂಡು.

ಆಜಿಗೆ ಒಂದು ಬಾಟಲ್ ಡ್ರಿಪ್ ಹಾಕಿದ್ರು. ನಾಲ್ಕು ಗಂಟೆಗೆ ಎದ್ದು ಕೂತ್ಕೊಂಡ್ರು. ಸರಿ ಹೋಯ್ತು ಅಂದ್ಕೊಂಡೆ. ಆದ್ರೆ ಇನ್ನೊಂದು ಗಾಡಿ ಶ್ರವಣಬೆಳಗೊಳ ತಲುಪಿದ್ದೇ ಮೂರೂವರೆಗೆ. ಅವರು ಬಿಸಿಲಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಓಡ್ತಾ ಹತ್ತಿ, ಬಾಹುಬಲಿ ಎದುರು ಒಂದು ಗ್ರೂಪ್ ಫೋಟೋ ತೆಗೆದು, ಓಡ್ತಾ ಇಳಿದು, ಹಾಸನಕ್ಕೆ ಬಂದು, ಸ್ನಾನ ಮಾಡಿ ರೆಡಿ ಆಗೋ ಹೊತ್ತಿಗೆ ಏಳೂ ಮುಕ್ಕಾಲು.

ವರಪೂಜೆ ಆರೂವರೆಗೆ. ಓಲಗದವರು ಬಂದಿದ್ದಾರೆ, ಪುರೋಹಿತರು ಬಂದಿದ್ದಾರೆ, ತಟ್ಟೆ ಹಿಡ್ಕೊಂಡು ಅಪ್ಪ ಅಮ್ಮ ಬಾಗಿಲಲ್ಲಿ ನಿಂತಿದ್ದಾರೆ. ವರನೇ ಇಲ್ಲ. ನಮ್ಮ ಕಡೆಯವರು ಬೀಗರಿಗೆ ಶಿಸ್ತಿಲ್ಲ ಅಂತ ಗುಸುಗುಸು. ಅವರ ಕಡೆಯವರು ಇವರು ಆಜಿಯನ್ನ ಆಸ್ಪತ್ರೆಗೆ ಸೇರಿಸಿದ್ರು ಅಂತ ಗುಸುಗುಸು. ಭಾವನ ಅಮ್ಮ ನನ್ನನ್ನ ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದ್ರು: ನಮ್ಮನ್ನ ಮದುವೆಗೆ ಕರೆದಿದ್ದಾ, ಟೂರ್‌ಗೆ ಕರೆದಿದ್ದಾ? ಜೋರಾಗಿ ಕೇಳಿದ್ರೆ ಉತ್ತರ ಕೊಡಬಹುದಿತ್ತು. ಮೆಲ್ಲಗೆ ಕೇಳಿದ್ರು.

ರಾತ್ರಿ ಅಕ್ಕ ಮೆಹೆಂದಿ ಕೈ ಮೇಲೆ ಎತ್ಕೊಂಡು ಬಂದು ನನ್ನ ಪಕ್ಕ ಕೂತ್ಲು. ಬಯ್ತಾಳೆ ಅಂದ್ಕೊಂಡೆ. ಬಯ್ಯಲಿಲ್ಲ. "ನಾನು ಎಂಥ ಊರಿಂದ ಬಂದಿದ್ದೀನಿ ಅಂತ ಅವರಿಗೆ ಗೊತ್ತಾಗ್ಲಿ ಅಂತ ನಿನಗೆ ಈ ಕೆಲಸ ಕೊಡಿಸಿದ್ದು ನಾನೇ ಕಣೋ. ನೀನು ಊರು ತೋರಿಸ್ಲಿಲ್ಲ, ಲಿಸ್ಟ್ ಮುಗಿಸ್ದೆ" ಅಂದ್ಲು.

ಅದಕ್ಕೇ ಇವತ್ತು ಈ ಎಪಿಸೋಡ್. ಮದುವೆಗೆ ಬಂದವರನ್ನ ಸುತ್ತಾಡಿಸೋದು ಟೂರಿಸಂ ಅಲ್ಲ. ಎರಡು ಮನೆಯವರು ಛತ್ರದ ಮೈಕ್ ಸದ್ದಿಲ್ಲದೆ ಒಬ್ಬರನ್ನೊಬ್ಬರು ನೋಡೋಕೆ ಸಿಗೋ ಸ್ವಲ್ಪ ಹೊತ್ತು ಅದು. ಆ ಹೊತ್ತನ್ನ ಹೇಗೆ ಉಳಿಸ್ಕೋಬೇಕು ಅನ್ನೋದನ್ನ ನಮ್ಮೂರಿನ ಲೆಕ್ಕದಲ್ಲೇ ಹೇಳ್ತೀನಿ. ನಿಮ್ಮೂರು ಬೇರೆ ಇರಬಹುದು, ಲೆಕ್ಕ ಅದೇ.

ಮೊದಲನೇದು, ಜಾಗದ ಲಿಸ್ಟ್ ಮಾಡೋಕೆ ಮುಂಚೆ ಮದುವೆಯ ಗಡಿಯಾರ ಬರ್ಕೊಳ್ಳಿ. ನಮ್ಮ ಕಡೆ ಸಾಮಾನ್ಯವಾಗಿ ಐದು ಹೊತ್ತು ಇರುತ್ತೆ. ಬೀಗರು ಬಂದಿಳಿಯೋ ದಿನ. ವರಪೂಜೆ, ರಿಸೆಪ್ಷನ್ ದಿನ. ಮುಹೂರ್ತದ ದಿನ. ಬೀಗರ ಔತಣದ ದಿನ. ಅದರ ಮಾರನೇ ದಿನ. ಒಂದೊಂದು ದಿನಕ್ಕೂ ಒಂದೊಂದು ಅಳತೆ ಇದೆ.

ಬಂದಿಳಿದ ದಿನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ. ಬೆಂಗಳೂರಿಂದ ರೈಲಲ್ಲೇ ಬಂದಿರ್ಲಿ, ಗಾಡಿಯಲ್ಲೇ ಬಂದಿರ್ಲಿ, ಅವರ ಕಾಲು ಊದಿರುತ್ತೆ. ಸಂಜೆ ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಒಂದು ಸುತ್ತು, ಒಂದು ಲೋಟ ಫಿಲ್ಟರ್ ಕಾಫಿ. ಸಕಲೇಶಪುರದ ತೋಟ 40 ಕಿಲೋಮೀಟರ್ ದೂರದಲ್ಲಿದೆ, ಈ ಕಾಫಿ ಅಲ್ಲಿಂದ ಬರುತ್ತೆ ಅಂತ ಹೇಳಿ. ಅಷ್ಟು ಸಾಕು.

ಇಲ್ಲೊಂದು ವಿಷಯ. ಅವರು ಫೋನಲ್ಲಿ ಹುಡುಕಿ "ಹಾಸನಾಂಬ ದೇವಸ್ಥಾನಕ್ಕೆ ಹೋಗೋಣ" ಅಂತ ಕೇಳೇ ಕೇಳ್ತಾರೆ. ಊರಿಗೆ ಹೆಸರು ಬಂದಿದ್ದೇ ಆ ದೇವಿಯಿಂದ. ಆದ್ರೆ ಆ ಗುಡಿಯ ಬಾಗಿಲು ತೆಗೆಯೋದು ವರ್ಷಕ್ಕೆ ಒಂದೇ ಸಲ, ಆಶ್ವಯುಜ ಮಾಸದಲ್ಲಿ, ದೀಪಾವಳಿ ಆಸುಪಾಸಿನ ಕೆಲವು ದಿನ ಮಾತ್ರ. ಬಾಗಿಲು ಹಾಕುವಾಗ ಹಚ್ಚಿದ ದೀಪ ಮುಂದಿನ ವರ್ಷ ತೆಗೆದಾಗಲೂ ಉರೀತಾ ಇರುತ್ತೆ ಅನ್ನೋದು ಜನರ ನಂಬಿಕೆ. ಮೇ ತಿಂಗಳಲ್ಲಿ ಬಂದವರಿಗೆ ಸಿಗೋದು ಮುಚ್ಚಿದ ಬಾಗಿಲು. ಇದನ್ನ ಮೊದಲೇ ಹೇಳಿಬಿಡಿ. "ದೀಪಾವಳಿಗೆ ಮತ್ತೆ ಬನ್ನಿ" ಅನ್ನೋಕೆ ಒಳ್ಳೆ ನೆಪವೂ ಹೌದು.

ವರಪೂಜೆ ದಿನ ಬೆಳಗ್ಗೆ ಮಾತ್ರ, ಒಂದು ಜಾಗ ಮಾತ್ರ, ಊರಿಂದ 20 ಕಿಲೋಮೀಟರ್ ಒಳಗೆ ಮಾತ್ರ. ಆರೂವರೆಗೆ ಹೊರಟು ಹತ್ತೂವರೆ ಒಳಗೆ ವಾಪಸ್. ನನ್ನ ಆಯ್ಕೆ ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಲ್ಲೇ ಹೋಗಿ ಸ್ವಲ್ಪ ಒಳಗೆ ತಿರುಗಬೇಕು. ಕೆರೆ ಪಕ್ಕ, ತೆಂಗಿನ ಮರದ ನಡುವೆ ಲಕ್ಷ್ಮೀದೇವಿ ದೇವಸ್ಥಾನ. ಬೇಲೂರಿಗಿಂತಲೂ ಹಳೇದು, 1114ರ ಹೊತ್ತಿನದು. ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ. ಇದನ್ನ ಕಟ್ಟಿಸಿದ್ದು ರಾಜ ಅಲ್ಲ. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಗಂಡ ಹೆಂಡತಿ ಸೇರಿ ಕಟ್ಟಿಸಿದ ಗುಡಿ. ಮದುವೆಗೆ ಬಂದವರಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಒಳಗೆ ಕಾಳಿ ಗುಡಿ ಬಾಗಿಲಲ್ಲಿ ಎಲುಬಿನ ಹಂದರದ ಎರಡು ಬೇತಾಳ ನಿಂತಿವೆ. ಮಕ್ಕಳಿಗೆ ಭಯವೂ ಆಗುತ್ತೆ, ಬಿಟ್ಟು ಬರೋಕೂ ಮನಸ್ಸಾಗಲ್ಲ.

ಬೀಗರಲ್ಲಿ ಯುವಕರೇ ಜಾಸ್ತಿ ಇದ್ರೆ ಶೆಟ್ಟಿಹಳ್ಳಿ ಚರ್ಚ್. ಇದೂ ಸುಮಾರು 20 ಕಿಲೋಮೀಟರ್. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರಿನವರು ಜಾಗ ಖಾಲಿ ಮಾಡಿದ್ರು, ಚರ್ಚ್ ಮಾತ್ರ ಹಿನ್ನೀರಲ್ಲಿ ಉಳೀತು. ಜಲಾಶಯ ತುಂಬಿದಾಗ ಗೋಡೆಯ ಅರ್ಧ ನೀರಲ್ಲಿರುತ್ತೆ, ದಡದಿಂದ ನೋಡ್ಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ನಡೆದುಕೊಂಡೇ ಒಳಗೆ ಹೋಗಬಹುದು. ಛಾವಣಿ ಇಲ್ಲ, ಗೋಡೆಗಳು ಸೋತಿವೆ. ಫೋಟೋಗೋಸ್ಕರ ಗೋಡೆ ಹತ್ತೋದು, ಕಮಾನಿನ ಕೆಳಗೆ ಗುಂಪಾಗಿ ನಿಲ್ಲೋದು ಬೇಡ. ನೆರಳಿಲ್ಲ, ಅಂಗಡಿಯನ್ನೂ ನಂಬ್ಕೋಬೇಡಿ. ಹಿರಿಯರನ್ನ ಇಲ್ಲಿಗೆ ಕರ್ಕೊಂಡು ಹೋಗ್ಬೇಡಿ.

ಮುಹೂರ್ತದ ದಿನ ಟ್ರಿಪ್ ಇಲ್ಲ. ಯಾರು ಕೇಳಿದ್ರೂ ಇಲ್ಲ. "ಅರ್ಧ ಗಂಟೆ ಹೋಗಿ ಬರ್ತೀವಿ" ಅನ್ನೋರಿಗೂ ಇಲ್ಲ.

ಬೀಗರ ಔತಣದ ದಿನ ಊಟವೇ ಟ್ರಿಪ್. ಊಟ ಆದ್ಮೇಲೆ ಯಾರೂ ಎದ್ದು ನಡೆಯೋ ಸ್ಥಿತಿಯಲ್ಲಿರಲ್ಲ.

ಪೂರ್ತಿ ದಿನದ ಸುತ್ತಾಟ ಏನಿದ್ರೂ ಅದರ ಮಾರನೇ ದಿನ. ಆಗ ಯಾರ ತಲೆ ಮೇಲೂ ಮುಹೂರ್ತ ಇರಲ್ಲ. ಆಗಲೂ ಒಂದೇ ದಿಕ್ಕು ಆರಿಸ್ಕೊಳ್ಳಿ. ಪಶ್ಚಿಮಕ್ಕೆ ಹೋದ್ರೆ ಬೇಲೂರು, ಹಳೇಬೀಡು. ಇಲ್ಲಾಂದ್ರೆ ಪೂರ್ವಕ್ಕೆ ಶ್ರವಣಬೆಳಗೊಳ. ಇಲ್ಲಾಂದ್ರೆ ಸಕಲೇಶಪುರದ ಕಡೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಅದಕ್ಕೂ ಇನ್ನೂರಕ್ಕೂ ಹೆಚ್ಚು ಮೆಟ್ಟಿಲಿದೆ, ಮಳೆಗಾಲದಲ್ಲಿ ಜಾರುತ್ತೆ ಅನ್ನೋದು ನೆನಪಿರಲಿ.

ಬೇಲೂರು, ಹಳೇಬೀಡು ಆರಿಸ್ಕೊಂಡ್ರೆ ನಾನು ಮಾಡಿದ್ದನ್ನ ಉಲ್ಟಾ ಮಾಡಿ. ಬೆಳಗ್ಗೆ ತಂಪಲ್ಲಿ ಹಳೇಬೀಡು. ಅಲ್ಲೇ ಬರಿಗಾಲ ನಡಿಗೆ ಜಾಸ್ತಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಬಸದಿಹಳ್ಳಿ, ಮೂರು ಜೈನ ಬಸದಿ, ಕನ್ನಡಿ ಥರ ಹೊಳೆಯೋ ಕಂಬಗಳು, ಜನಸಂದಣಿ ಕಮ್ಮಿ. ದೇವಸ್ಥಾನದ ಪಕ್ಕದ ಮ್ಯೂಸಿಯಂಗೆ ಶುಕ್ರವಾರ ರಜೆ. ಬೇಲೂರಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ. ದರ್ಶನ ಬೇಕು ಅನ್ನೋ ಹಿರಿಯರು ಇದ್ರೆ ಅದನ್ನ ನೋಡ್ಕೊಂಡು ಹೊರಡಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ರಜಾ ದಿನ ಜನ ಇರ್ತಾರೆ. ಹಿಂದಿ ಬರೋ ಗೈಡ್ ಒಬ್ಬರನ್ನ ಮಾಡ್ಕೊಳ್ಳಿ. ನಿಮಗೆ ಗೊತ್ತಿರೋ ಅರ್ಧಂಬರ್ಧ ಕತೆಗಿಂತ ಅವರ ಕತೆ ಚೆನ್ನಾಗಿರುತ್ತೆ.

ಇನ್ನು ಯಾವ ಊರಿಗಾದ್ರೂ ಅನ್ವಯಿಸೋ ನಾಲ್ಕು ಮಾತು.

ಒಂದು, ವಾಟ್ಸಾಪ್ ಗ್ರೂಪಲ್ಲಿ ಹೊರಡೋ ಟೈಮ್ ಬರೀಬೇಡಿ, ವಾಪಸ್ ಬರೋ ಟೈಮ್ ಬರೀರಿ. "7ಕ್ಕೆ ಹೊರಡ್ತೀವಿ" ಅಂದ್ರೆ ಎಲ್ಲರೂ ಎಂಟೂವರೆ ಅಂತ ಓದ್ಕೊಳ್ತಾರೆ. "ಹತ್ತೂವರೆಗೆ ಛತ್ರದಲ್ಲಿ ಇರಲೇಬೇಕು, ಲೇಟಾದಷ್ಟೂ ನೋಡೋ ಟೈಮ್ ಕಮ್ಮಿ" ಅಂತ ಬರೆದ್ರೆ ಅವರೇ ಒಬ್ಬರನ್ನೊಬ್ಬರು ಎಬ್ಬಿಸ್ತಾರೆ.

ಎರಡು, ಟಾಯ್ಲೆಟ್ ಎಲ್ಲಿದೆ ಅಂತ ಗಾಡಿ ಹತ್ತೋ ಮುಂಚೆನೇ, ಯಾರೂ ಕೇಳೋ ಮುಂಚೆನೇ, ಜೋರಾಗಿ ಎಲ್ಲರಿಗೂ ಹೇಳಿ. "ಅರ್ಧ ಗಂಟೆಗೆ ಒಂದು ಹೋಟೆಲಲ್ಲಿ ನಿಲ್ಲಿಸ್ತೀವಿ, ಅಲ್ಲಿ ಕ್ಲೀನಾಗಿದೆ" ಅನ್ನಿ. ಈ ಒಂದು ವಾಕ್ಯಕ್ಕೆ ಎಷ್ಟು ಜನ ನೀರಿನ ಬಾಟಲ್ ಮುಚ್ಚಳ ತೆಗೀತಾರೆ ನೋಡಿ.

ಮೂರು, ಎಲ್ಲರಿಗೂ ಒಂದೊಂದು ಜೊತೆ ಹಳೇ ಕಾಟನ್ ಸಾಕ್ಸ್. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯೋ ಜಾಗದಲ್ಲಿ ಇದೇ ದೊಡ್ಡ ಉಪಕಾರ. ಒಡವೆ, ರೇಷ್ಮೆ ಸೀರೆ ಛತ್ರದ ಬೀರುವಿನಲ್ಲೇ ಇರಲಿ.

ನಾಲ್ಕು, ಗಾಡಿ ಖರ್ಚು ಯಾರದ್ದು ಅಂತ ಮನೆಯಲ್ಲಿ ಮೊದಲೇ ಮಾತಾಡಿ ಮುಗಿಸಿ. ದೇವಸ್ಥಾನದ ಎದುರು ಇಬ್ಬರು ಬೀಗರು ಪರ್ಸ್ ತೆಗೆದು "ನಾನು ಕೊಡ್ತೀನಿ, ನಾನು ಕೊಡ್ತೀನಿ" ಅಂತ ಕಿತ್ತಾಡೋದನ್ನ ನಾನು ನೋಡಿದ್ದೀನಿ. ನಗ್ತಾ ಶುರುವಾಗುತ್ತೆ, ನಗ್ತಾ ಮುಗಿಯಲ್ಲ.

ಸರಿ, ಕತೆ ಬಾಕಿ ಇದೆ.

ಭಾನುವಾರ ಮುಹೂರ್ತ ಚೆನ್ನಾಗಾಯ್ತು. ಸೋಮವಾರ ಔತಣ. ಮಂಗಳವಾರ ರಾತ್ರಿ ಅವರು ಹೊರಡೋದು. ಸೋಮವಾರ ಸಂಜೆ ನಾನು ಧೈರ್ಯ ಮಾಡಿ ಭಾವನ ಅಮ್ಮನ ಹತ್ರ ಹೋಗಿ, "ನಾಳೆ ಒಂದೇ ಒಂದು ಜಾಗ, ಮಧ್ಯಾಹ್ನ ಊಟಕ್ಕೆ ಮನೆಯಲ್ಲಿ ಇರ್ತೀವಿ" ಅಂದೆ. ಅವರು ಆಜಿ ಕಡೆ ನೋಡಿದ್ರು. ಆಜಿ ನನ್ನ ಕಡೆ ನೋಡಿ, "ಚಲೋ ಚಲೋ" ಅಂದ್ರು.

ಈ ಸಲ ನಮ್ಮ ಅಜ್ಜಿಯನ್ನೂ ಕರ್ಕೊಂಡೆ. ಆರು ಗಂಟೆಗೆ ಹೊರಟ್ವಿ, ಇಡ್ಲಿ ಡಬ್ಬಿಯಲ್ಲಿ, ಕಾಫಿ ಫ್ಲಾಸ್ಕಲ್ಲಿ. ಎಂಟರ ಒಳಗೆ ಶ್ರವಣಬೆಳಗೊಳದಲ್ಲಿ ಇದ್ವಿ. ಊರ ನಡುವೆ ಕಲ್ಯಾಣಿ, ಒಂದು ಕಡೆ ವಿಂಧ್ಯಗಿರಿ, ಎದುರಿಗೆ ಚಿಕ್ಕದಾದ ಚಂದ್ರಗಿರಿ. ಬೆಳಗೊಳ ಅಂದ್ರೆ ಬಿಳಿಯ ಕೊಳ. ವಿಂಧ್ಯಗಿರಿ ಹತ್ತೋಕಾಗದವರಿಗೆ ಡೋಲಿ ಸಿಗುತ್ತೆ. ಆಜಿಗೆ ಹೇಳಿದೆ. ಅವರು ಮರಾಠಿಯಲ್ಲಿ ಏನೋ ಅಂದ್ರು, ಅವರ ಮನೆಯವರೆಲ್ಲ ನಕ್ಕುಬಿಟ್ರು. ಭಾವ ಹಿಂದಿಗೆ ತಿರುಗಿಸಿ ಹೇಳಿದ್ರು: "ನಾಲ್ಕು ಜನ ಹೊತ್ಕೊಂಡು ಹೋಗೋ ದಿನ ನನಗಿನ್ನೂ ಬಂದಿಲ್ಲ ಅಂತಾರೆ."

ಸರಿ, ಆಜಿ ಮತ್ತು ನಮ್ಮ ಅಜ್ಜಿ ಇಬ್ಬರೂ ಕೆಳಗೇ ನೆರಳಲ್ಲಿ ಕೂತ್ರು. ಇವರಿಗೆ ಮರಾಠಿ ಬರಲ್ಲ, ಅವರಿಗೆ ಕನ್ನಡ ಬರಲ್ಲ, ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೇ. ಮಧ್ಯದಲ್ಲಿ ಕಾಫಿ ಫ್ಲಾಸ್ಕ್. ನಾವು ಮೇಲೆ ಹತ್ತಿದ್ವಿ. ಯಾರಿಗೂ ಚಲೋ ಚಲೋ ಅನ್ನಲಿಲ್ಲ. ಭಾವನ ಅಮ್ಮ ನಾಲ್ಕು ಕಡೆ ಕೂತ್ರು, ನಾನೂ ಕೂತೆ. ಮೂರನೇ ಸಲ ಕೂತಾಗ ಅಕ್ಕ ಚಿಕ್ಕವಳಿದ್ದಾಗ ಹೇಗಿದ್ಲು ಅಂತ ಕೇಳಿದ್ರು. ಇಲ್ಲೇ ಸ್ಕೂಲ್ ಟ್ರಿಪ್‌ನಲ್ಲಿ ಅರ್ಧ ಮೆಟ್ಟಿಲಲ್ಲಿ ಅತ್ತಿದ್ದು, ಆಮೇಲೆ ಎಲ್ಲರಿಗಿಂತ ಮುಂಚೆ ಮೇಲೆ ಮುಟ್ಟಿದ್ದು ಹೇಳಿದೆ. "ಹಾಂ, ಈಗಲೂ ಹಾಗೇ" ಅಂದ್ರು. ಅವರು ನನ್ನ ಜೊತೆ ನಕ್ಕಿದ್ದು ಅದೇ ಮೊದಲು.

ಮೇಲೆ 58 ಅಡಿಯ ಬಾಹುಬಲಿ, ಒಂದೇ ಕಲ್ಲು. 981ರ ಹೊತ್ತಿಗೆ ಗಂಗರ ಮಂತ್ರಿ, ಸೇನಾಪತಿ ಚಾವುಂಡರಾಯ ಮಾಡಿಸಿದ್ದು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಕಳೆದ ಸಲ ಆಗಿದ್ದು 2018ರಲ್ಲಿ. ಇಷ್ಟು ನನಗೆ ಗೊತ್ತಿತ್ತು, ಹೇಳ್ತಾ ಇದ್ದೆ. ಅಷ್ಟರಲ್ಲಿ ಭಾವನ ಸೋದರಮಾವ ಮೂರ್ತಿಯ ಪಾದದ ಹತ್ರ ಬಗ್ಗಿ ನೋಡ್ತಾ "ಅರೇ" ಅಂದ್ರು.

ಪಾದದ ಎರಡೂ ಬದಿ ಕಲ್ಲಲ್ಲಿ ಅಕ್ಷರ ಇದೆ. ಒಂದು ಬದಿ ಕನ್ನಡ ಮತ್ತು ತಮಿಳು. ಇನ್ನೊಂದು ಬದಿ ನಾಗರಿ ಲಿಪಿಯಲ್ಲಿ ಮರಾಠಿ. ಇದನ್ನ ಚಾವುಂಡರಾಯ ಮಾಡಿಸಿದ ಅಂತ. ಕೆಳಗೆ ಇನ್ನೊಂದು ಸಾಲು, ಸುತ್ತಾಲಯವನ್ನ ಗಂಗರಾಜ ಮಾಡಿಸಿದ ಅಂತ. ಗಂಗರಾಜ ಅಂದ್ರೆ ಬೇಲೂರಿನ ವಿಷ್ಣುವರ್ಧನನ ಸೇನಾಪತಿ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಇದೂ ಒಂದು. ಅದು ಇರೋದು ಪುಣೆಯಲ್ಲಲ್ಲ, ನಮ್ಮ ಹಾಸನ ಜಿಲ್ಲೆಯ ಬೆಟ್ಟದ ಮೇಲೆ.

ಸೋದರಮಾವ ಒಂದೊಂದೇ ಅಕ್ಷರ ಕೂಡಿಸಿ ಓದಿಬಿಟ್ರು. ಆಮೇಲೆ ನನ್ನ ಕಡೆ ತಿರುಗಿ, ಆ ಬದಿ ಕನ್ನಡ ನೀನು ಓದು ಅಂದ್ರು. ನಾನು ಬಗ್ಗಿ ನೋಡಿದೆ. ಬರಲಿಲ್ಲ. ಹಳೆಯ ಕನ್ನಡದ ಲಿಪಿ, ಒಂದೆರಡು ಅಕ್ಷರ ಅಂದಾಜಾಯ್ತು ಅಷ್ಟೇ. ಆ ಬೆಟ್ಟವನ್ನ ನಾನು ಐದಾರು ಸಲ ಹತ್ತಿದ್ದೀನಿ, ಅಲ್ಲಿ ಅಕ್ಷರ ಇದೆ ಅಂತಲೇ ನೋಡಿರಲಿಲ್ಲ. ಶನಿವಾರ ಭಾವ ಮತ್ತೆ ಅವರ ಫ್ರೆಂಡ್ಸ್ ಅದರ ಎದುರೇ ಗ್ರೂಪ್ ಫೋಟೋ ತೆಗೆಸ್ಕೊಂಡಿದ್ರು, ಅವರಿಗೂ ಕಂಡಿರಲಿಲ್ಲ. ನಮ್ಮೂರು ತೋರಿಸ್ತೀನಿ ಅಂತ ಹೊರಟವನಿಗೆ ಪುಣೆಯಿಂದ ಬಂದವರು ನಮ್ಮೂರು ತೋರಿಸಿದ್ರು.

ಅಲ್ಲೇ ಎದುರಿಗೆ ಗುಳ್ಳಕಾಯಜ್ಜಿಯ ಮೂರ್ತಿ ಇದೆ. ಕತೆ ನಿಮಗೆ ಗೊತ್ತಿರಬಹುದು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದ್ರೂ ಅಭಿಷೇಕ ಪೂರ್ತಿ ಆಗಲಿಲ್ಲವಂತೆ, ಹಾಲು ಪಾದದವರೆಗೆ ಇಳಿಯಲೇ ಇಲ್ಲವಂತೆ. ಒಬ್ಬ ಮುದುಕಿ ಗುಳ್ಳಕಾಯಿ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲಿಗೆ ಪೂರ್ತಿ ಆಯ್ತಂತೆ. ಆ ಕತೆ ಹೇಳುವಾಗ ನನ್ನ ಸ್ಪ್ರೆಡ್‌ಶೀಟ್ ನೆನಪಾಯ್ತು. ಯಾರಿಗೂ ಹೇಳಲಿಲ್ಲ.

ಕೆಳಗೆ ಇಳಿದು ಬಂದಾಗ ಇಬ್ಬರು ಮುದುಕಿಯರೂ ಅಲ್ಲೇ ಇದ್ರು. ಫ್ಲಾಸ್ಕ್ ಖಾಲಿ. ಬಾಟಲ್ ನೀರೂ ಖಾಲಿ, ಅದನ್ನ ನೋಡಿ ನನಗೆ ಸಮಾಧಾನ ಆಯ್ತು. ಸೋದರಮಾವ ಫೋನ್ ತೆಗೆದು ಪಾದದ ಹತ್ರದ ಅಕ್ಷರದ ಫೋಟೋ ತೋರಿಸಿದ್ರು. ಆಜಿ ಕನ್ನಡಕ ಹಾಕ್ಕೊಂಡು, ಬೆರಳಲ್ಲಿ ಸ್ಕ್ರೀನ್ ದೊಡ್ಡದು ಮಾಡ್ಕೊಂಡು, ಗಟ್ಟಿಯಾಗಿ ಓದಿದ್ರು. ಎರಡನೇ ಸಲ ನಮ್ಮ ಅಜ್ಜಿಗೆ ಕೇಳಲಿ ಅಂತ ನಿಧಾನಕ್ಕೆ ಓದಿದ್ರು. ಅಜ್ಜಿಗೆ ಏನು ಅರ್ಥ ಆಯ್ತೋ ಗೊತ್ತಿಲ್ಲ, ತಲೆ ಆಡಿಸಿದ್ರು.

ಮಧ್ಯಾಹ್ನ ಮನೆಯಲ್ಲಿ ಊಟ. ಹೋಳಿಗೆ. ಅವರ ಕಡೆ ಅದಕ್ಕೆ ಪೂರಣ ಪೋಳಿ ಅಂತಾರೆ. ನಮ್ಮ ಅಜ್ಜಿ ಚಮಚ ಹಿಡ್ಕೊಂಡು ಬಂದು "ತುಪ್ಪ?" ಅಂದ್ರು. ಆಜಿ ತಟ್ಟೆ ಮುಂದೆ ಮಾಡಿ "ತೂಪ್!" ಅಂದ್ರು. ಮರಾಠಿಯಲ್ಲಿ ತುಪ್ಪಕ್ಕೆ ತೂಪ್ ಅಂತಾರೆ. ಇಬ್ಬರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದು ಇದೆಯಲ್ಲ, ಅದರ ಫೋಟೋ ಯಾರೂ ತೆಗೆದಿಲ್ಲ. ಆಮೇಲೆ ಶುರುವಾಯ್ತು. ಅಕ್ಕಾ ಅಂದ್ರೆ ಅಕ್ಕ, ಅಣ್ಣಾ ಅಂದ್ರೆ ಅಣ್ಣ, ಆಜಿ ಅಂದ್ರೆ ಅಜ್ಜಿ. ಒಂದು ಗಂಟೆ ಹೊತ್ತು ಇಬ್ಬರೂ ಮನೆಯ ಸಾಮಾನು ಒಂದೊಂದನ್ನೇ ಎತ್ತಿ ತೋರಿಸಿ ಹೆಸರು ಕೇಳ್ತಾ ಕೂತಿದ್ರು.

ರಾತ್ರಿ ಗಾಡಿ ಹತ್ತುವಾಗ ಭಾವನ ಅಮ್ಮ ನನ್ನ ಹತ್ರ ಬಂದ್ರು. ಶನಿವಾರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಬೇಲೂರು ಸರಿಯಾಗಿ ನೋಡ್ಲಿಲ್ಲ. ದೀಪಾವಳಿಗೆ ಬಾಗಿಲು ತೆಗೀತಾರೆ ಅಂದ್ಯಲ್ಲ, ಆಗ ಬರ್ತೀವಿ" ಅಂದ್ರು.

ಬಂದ್ರು ಕೂಡ. ಹಾಸನಾಂಬ ದರ್ಶನಕ್ಕೆ ಕ್ಯೂ ಎಷ್ಟಿತ್ತು ಅನ್ನೋದು ಇನ್ನೊಂದು ಎಪಿಸೋಡ್.

ನಿಮ್ಮ ಮನೆಯಲ್ಲಿ ಮದುವೆ ಇದ್ರೆ, ಆ ಕೆಲಸ ನಿಮ್ಮ ಕಡೆ ಬಂದ್ರೆ, ಖುಷಿಯಿಂದ ಒಪ್ಕೊಳ್ಳಿ. ಗುಂಪಲ್ಲಿ ಎಲ್ಲರಿಗಿಂತ ನಿಧಾನಕ್ಕೆ ನಡೆಯೋರು ಯಾರು ಅಂತ ಮೊದಲು ನೋಡಿ, ಅವರ ಕಾಲಿನ ಲೆಕ್ಕದಲ್ಲಿ ಪ್ಲಾನ್ ಮಾಡಿ. ನಿಮ್ಮೂರಲ್ಲಿ ಬೀಗರಿಗೆ ತೋರಿಸೋ ಆ ಒಂದು ಜಾಗ ಯಾವುದು ಅಂತ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮೂರು ಜಾಗ ಅಲ್ಲ, ಒಂದು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೂ, ನೀರು ಕುಡೀತಾ ಇರಿ.